ಪೆಟ್ಟಿಗೆಯೊಳಗಿನ ಗಾಳಿ

ಪ್ರವಾಸಕ್ಕೆ ಹೊರಟ ಕುಟುಂಬದ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ತುಂಬಿಕೊಂಡಿರುವುದು ಗಾಳಿ. ಇದು ಮಾತಿನ ಚಮತ್ಕಾರದಂತೆ ಕೇಳಿಸಿದರೂ ಲೆಕ್ಕ ಹಾಕಿ ನೋಡಿದರೆ ಅಕ್ಷರಶಃ ನಿಜ. ಹತ್ತಿಯ ಎಳೆಯ ಸಾಂದ್ರತೆ, ಎಂದರೆ ಇಂತಿಷ್ಟು ಗಾತ್ರದೊಳಗೆ ಅಡಕವಾಗಿರುವ ದ್ರವ್ಯದ ಪ್ರಮಾಣ, ಘನ ಸೆಂಟಿಮೀಟರಿಗೆ ಸುಮಾರು 1.54 ಗ್ರಾಂ, ಪಾಲಿಯೆಸ್ಟರಿನದು 1.38, ಉಣ್ಣೆಯದು 1.31ರ ಆಸುಪಾಸು. 65 ಲೀಟರ್ ಹಿಡಿಯುವ ಮಧ್ಯಮ ಗಾತ್ರದ ಸೂಟ್‌ಕೇಸೊಂದರಲ್ಲಿ 12 ಕಿಲೋ ಹತ್ತಿ ಬಟ್ಟೆ ತುಂಬಿದೆಯೆಂದು ಇಟ್ಟುಕೊಂಡರೆ, ಅದರಲ್ಲಿ ಎಳೆಗಳು ನಿಜವಾಗಿ ಹಿಡಿಯುವ ಜಾಗ ಎಂಟು ಲೀಟರಿಗೂ ಕಡಿಮೆ, ಅಂದರೆ ಒಂದು ಕೊಡ ನೀರಿನಷ್ಟೂ ಇಲ್ಲ. ಮಿಕ್ಕ 57 ಲೀಟರನ್ನು ನೂಲಿನ ಒಳಗೆ, ನೂಲುಗಳ ನಡುವೆ, ಮಡಿಕೆಗಳ ಸಂದಿಯಲ್ಲಿ ಸೇರಿಕೊಂಡ ಗಾಳಿಯೇ ಆಳುತ್ತಿರುತ್ತದೆ. ಮುಚ್ಚಳದ ಮೇಲೆ ಮಂಡಿಯೂರಿ ಕುಳಿತು ಜಿಪ್ ಎಳೆಯುವ ಮನೆಯ ಯಜಮಾನ ಹೋರಾಡುತ್ತಿರುವುದು ಮುಖ್ಯವಾಗಿ ಈ ಗಾಳಿಯೊಂದಿಗೆ.

ಹಾಗೆ ನೋಡಿದರೆ ಜಾಗ ಉಳಿಸುವ ಪ್ರಶ್ನೆಯೆಂದರೆ ಯಾವ ಗಾಳಿಯನ್ನು ಹೊರದೂಡಬಹುದು, ಯಾವುದನ್ನು ದೂಡಲಾಗದು ಎಂಬ ಪ್ರಶ್ನೆಯೇ ಆಗಿದೆ. ಎಲ್ಲ ಬಟ್ಟೆಯೂ ಒಂದೇ ಪ್ರಮಾಣದಲ್ಲಿ ಗಾಳಿಯನ್ನು ಹಿಡಿದಿಡುವುದಿಲ್ಲ. ಹಾಸುನೂಲು ಮತ್ತು ಹೊಕ್ಕುನೂಲುಗಳನ್ನು ಬಿಗಿಯಾಗಿ ಕೂಡಿಸಿ ನೇಯ್ದ ಶರ್ಟಿನ ಬಟ್ಟೆ ಇಸ್ತ್ರಿಯಾದ ಮೇಲೆ ಕಾಗದದಂತೆ ತೆಳ್ಳಗಿದ್ದು, ಒಂದರ ಮೇಲೊಂದು ಇಟ್ಟಾಗ ನಡುವೆ ಹೆಚ್ಚು ಸಂದಿ ಬಿಡುವುದಿಲ್ಲ. ಟೀ ಶರ್ಟು, ಬನಿಯನ್, ಸ್ವೆಟರುಗಳು ಹೆಣಿಗೆಯ ಬಟ್ಟೆಗಳು. ಅಲ್ಲಿ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ತನ್ನೊಳಗೇ ಸಿಕ್ಕಿಕೊಂಡು ಸಾಗುವುದರಿಂದ ಪ್ರತಿ ಕುಣಿಕೆಯಲ್ಲಿಯೂ ಗಾಳಿಗೆ ಎಡೆಯಿರುತ್ತದೆ, ಆದರೆ ಒತ್ತಿದರೆ ಆ ಎಡೆ ಮುಚ್ಚಿಕೊಳ್ಳುತ್ತದೆ. ಟರ್ಕಿ ಟವೆಲಿನ ಎರಡೂ ಬದಿಗೆ ನೂಲಿನ ಕುಣಿಕೆಗಳು ಎದ್ದು ನಿಂತಿದ್ದು, ಚದರ ಮೀಟರಿಗೆ 400ರಿಂದ 600 ಗ್ರಾಂ ತೂಗುವ ಆ ಬಟ್ಟೆ, ತೂಕಕ್ಕಿಂತ ಹೆಚ್ಚಾಗಿ ತನ್ನ ದಪ್ಪದಿಂದಲೇ ಪೆಟ್ಟಿಗೆಯನ್ನು ನುಂಗುತ್ತದೆ. ನಾಲ್ಕು ಜನರ ಕುಟುಂಬ ನಾಲ್ಕು ಟರ್ಕಿ ಟವೆಲುಗಳನ್ನು ಕೊಂಡೊಯ್ಯುವುದಾದರೆ ಪೆಟ್ಟಿಗೆಯ ಒಂದು ಮೂಲೆಯನ್ನು ಅವುಗಳಿಗೇ ಬರೆದುಕೊಟ್ಟಂತೆ.

ಈ ವಿಷಯದಲ್ಲಿ ಹಳೆಯ ಮೈಸೂರು ಸೀಮೆಯ ಪಾಣಿಪಂಚೆ, ಕರಾವಳಿಯ ಬೈರಾಸುಗಳು ಇಂದಿಗೂ ಸೋಲದ ವಸ್ತುಗಳು. ತೆಳುವಾದ, ಕುಣಿಕೆಯಿಲ್ಲದ ಹತ್ತಿ ನೇಯ್ಗೆಯ ಈ ವಸ್ತ್ರಗಳನ್ನು ನಾಲ್ಕು ಮಡಿಕೆ ಮಾಡಿದರೆ ಕೈಯ ಅಗಲದಷ್ಟಾಗುತ್ತವೆ. ಹಿಂಡಿ ಹರವಿದರೆ ಒಂದೆರಡು ತಾಸಿನಲ್ಲಿ ಒಣಗುತ್ತವೆ. ಮೈ ಒರೆಸಿಕೊಳ್ಳುವುದಕ್ಕೆ ಮಾತ್ರವಲ್ಲದೆ ರೈಲಿನ ಬರ್ತಿನ ಮೇಲೆ ಹಾಸಿಕೊಳ್ಳುವುದಕ್ಕೂ, ಬಿಸಿಲಿಗೆ ತಲೆಗೆ ಸುತ್ತಿಕೊಳ್ಳುವುದಕ್ಕೂ, ಮಲಗಿದ ಮಗುವಿಗೆ ಹೊದಿಸುವುದಕ್ಕೂ ಆಗುತ್ತವೆ. ಒಂದು ವಸ್ತು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ಅದು ಹಿಡಿಯುವ ಜಾಗದಿಂದ ಭಾಗಿಸಿ ನೋಡುವ ಅಭ್ಯಾಸವಿದ್ದರೆ ಬಿಳಿಯ ಪಂಚೆಯೊಂದಕ್ಕೆ ಸರಿಗಟ್ಟುವ ಉಡುಪು ಪ್ರವಾಸೋದ್ಯಮದ ಯಾವ ಅಂಗಡಿಯಲ್ಲಿಯೂ ಸಿಗಲಾರದು. ಅತಿಥಿಗೃಹಗಳು ಟವೆಲ್ ಕೊಡುತ್ತವೆಂಬುದು ನಿಜವೇ ಆದರೂ ಎರಡು ರಾತ್ರಿಯ ರೈಲು ಪ್ರಯಾಣದಲ್ಲಿ, ದಾರಿಯ ನದಿಯ ದಂಡೆಯಲ್ಲಿ ಅವು ಜೊತೆಗಿರುವುದಿಲ್ಲ.

ಬಟ್ಟೆಯನ್ನು ಮಡಚಿಡಬೇಕೆ, ಸುರುಳಿ ಸುತ್ತಿಡಬೇಕೆ ಎಂಬ ಚರ್ಚೆ ಪ್ರವಾಸಿಗರ ನಡುವೆ ಬಹಳ ಕಾಲದಿಂದ ನಡೆದುಬಂದಿದ್ದು, ಸುರುಳಿಯ ಪರವಾದವರ ದನಿಯೇ ಈಚೆಗೆ ಜೋರಾಗಿದೆ. ಸುರುಳಿ ಸುತ್ತುವುದರಿಂದ ಬಟ್ಟೆಯ ಗಾತ್ರ ತಾನಾಗಿ ಕುಗ್ಗುವುದಿಲ್ಲ. ಸುತ್ತುವಾಗ ಅಂಗೈಯ ಒತ್ತಡಕ್ಕೆ ಸಿಕ್ಕು ಗಾಳಿ ಹೊರಬರುವುದರಿಂದಲೇ ಅದು ಕುಗ್ಗುತ್ತದೆ. ಸಡಿಲವಾಗಿ ಸುತ್ತಿದ ಸುರುಳಿ ಮಡಚಿದ ಬಟ್ಟೆಗಿಂತ ಹೆಚ್ಚೇ ಜಾಗ ತಿನ್ನುತ್ತದೆ, ಏಕೆಂದರೆ ದುಂಡಗಿನ ವಸ್ತುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದಾಗ ನಡುವೆ ಸಂದಿ ಉಳಿಯುವುದು ಜ್ಯಾಮಿತಿಯ ನಿಯಮ. ಸಮಗಾತ್ರದ ಉರುಳೆಗಳನ್ನು ಸಾಲಿನ ಮೇಲೆ ಸಾಲಾಗಿ ನೇರಕ್ಕೆ ಪೇರಿಸಿದರೆ ಅವು ತುಂಬುವುದು ಇರುವ ಜಾಗದ ಶೇ. 78.5ರಷ್ಟನ್ನು ಮಾತ್ರ, ಮೇಲಿನ ಸಾಲಿನ ಉರುಳೆ ಕೆಳಗಿನ ಎರಡು ಉರುಳೆಗಳ ನಡುವಣ ತಗ್ಗಿನಲ್ಲಿ ಕೂರುವಂತೆ, ಜೇನುಹುಟ್ಟಿನ ಕೋಣೆಗಳ ಕ್ರಮದಲ್ಲಿ ಜೋಡಿಸಿದರೆ ಅದು ಶೇ. 90.7ಕ್ಕೆ ಏರುತ್ತದೆ. ಸಮಗಾತ್ರದ ವೃತ್ತಗಳನ್ನು ಇದಕ್ಕಿಂತ ಒತ್ತಾಗಿ ಜೋಡಿಸುವ ಕ್ರಮ ಬೇರೊಂದಿಲ್ಲವೆಂದು ಗಣಿತಜ್ಞರು ಸಾಧಿಸಿ ತೋರಿಸಿದ್ದಾರೆ. ಪುಣ್ಯಕ್ಕೆ ಬಟ್ಟೆಯ ಸುರುಳಿ ಕಬ್ಬಿಣದ ಕೊಳವೆಯಂತಲ್ಲ. ಒತ್ತಿದರೆ ಚಪ್ಪಟೆಯಾಗಿ ಪಕ್ಕದ ಸಂದಿಗೆ ಹರಿಯುತ್ತದೆ. ಆದುದರಿಂದ ಬಿಗಿಯಾಗಿ ಸುತ್ತಿ, ಮೇಲಿನ ಸಾಲು ಕೆಳಗಿನ ಸಾಲಿನ ತಗ್ಗಿಗೆ ಕೂರುವಂತೆ ಇಟ್ಟು, ಉಳಿದ ಮೂಲೆಗಳಿಗೆ ಕಾಲುಚೀಲ, ಒಳಉಡುಪು, ಮಕ್ಕಳ ಚಡ್ಡಿಗಳನ್ನು ತುರುಕಿದಾಗ ಮಾತ್ರ ಸುರುಳಿಯ ವಿಧಾನ ತನ್ನ ಹೆಸರನ್ನು ಉಳಿಸಿಕೊಳ್ಳುತ್ತದೆ.

ಹೆಣಿಗೆಯ ಬಟ್ಟೆಗೆ ಸುರುಳಿ, ನೇಯ್ಗೆಯ ಬಟ್ಟೆಗೆ ಮಡಿಕೆ ಎಂಬುದು ಸ್ಥೂಲವಾಗಿ ಒಪ್ಪಬಹುದಾದ ಸೂತ್ರ. ನೇಯ್ದ ಬಟ್ಟೆಯ ಚಿಂತೆ ಸುಕ್ಕಿನದು, ಮತ್ತು ಸುಕ್ಕು ಹುಟ್ಟುವ ಬಗೆ ಹೀಗಿದೆ. ಹತ್ತಿಯ ಎಳೆ ಸೆಲ್ಯುಲೋಸ್ ಎಂಬ ಉದ್ದನೆಯ ಅಣುಸರಪಳಿಗಳಿಂದ ಆದದ್ದು. ಈ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಜಲಜನಕದ ಬಂಧಗಳು ತೇವ ಮತ್ತು ಶಾಖಕ್ಕೆ ಸಿಕ್ಕಾಗ ಬಿಡಿಸಿಕೊಂಡು, ಆರಿದ ಮೇಲೆ ಬಟ್ಟೆ ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲಿಯೇ ಮತ್ತೆ ಕೂಡಿಕೊಳ್ಳುತ್ತವೆ. ಇಸ್ತ್ರಿಪೆಟ್ಟಿಗೆ ಸುಕ್ಕನ್ನು ತೆಗೆಯುವುದೂ, ಅರೆಬರೆ ಒಣಗಿದ ಶರ್ಟು ಪೆಟ್ಟಿಗೆಯಲ್ಲಿ ಸುಕ್ಕುಗಟ್ಟುವುದೂ ಒಂದೇ ರಸಾಯನಕ್ರಿಯೆಯ ಎರಡು ಮುಖಗಳು. ಹೊರಡುವ ಗಡಿಬಿಡಿಯಲ್ಲಿ ಬಿಸಿಯಾರದ ಇಸ್ತ್ರಿ ಬಟ್ಟೆಯನ್ನು ಹಾಗೆಯೇ ಒತ್ತಿ ತುಂಬಿದರೆ ಇಸ್ತ್ರಿಯ ಶ್ರಮವಷ್ಟೂ ವ್ಯರ್ಥ. ಅರ್ಧ ತಾಸು ಹರವಿಟ್ಟು ತಣಿಸಿ ತುಂಬಿದರೆ ಗೆರೆಗಳು ನಿಲ್ಲುತ್ತವೆ. ಊರು ತಲುಪಿದ ಮೇಲೆ ಸ್ನಾನದ ಮನೆಯ ಆವಿಯಲ್ಲಿ ಶರ್ಟನ್ನು ತೂಗುಹಾಕಿದರೆ ಸುಕ್ಕು ಸಡಿಲವಾಗುತ್ತದೆಂಬ ಅನುಭವಿಗಳ ಮಾತಿಗೂ ಇದೇ ಆಧಾರ.

ಸುಕ್ಕಿನ ವಿಚಾರದಲ್ಲಿ ಕನ್ನಡ ನಾಡಿನ ಒಂದು ಬಟ್ಟೆ ವಿಶೇಷ ಉಲ್ಲೇಖಕ್ಕೆ ಅರ್ಹವಾಗಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯಿಂದ ಹೆಸರಾದ ಮೈಸೂರು ಸಿಲ್ಕಿನ ಸೀರೆ ಕ್ರೇಪ್ ಬಗೆಯದು. ಎಡಕ್ಕೆ ತಿರುಚಿದ ಮತ್ತು ಬಲಕ್ಕೆ ತಿರುಚಿದ, ಅತಿ ಹೆಚ್ಚು ಹುರಿಯ ನೂಲುಗಳನ್ನು ಸರದಿಯಂತೆ ಬಳಸಿ ನೇಯುವುದರಿಂದ, ಬಟ್ಟೆಯನ್ನು ಕುದಿಸಿ ರೇಷ್ಮೆಯ ಅಂಟು ತೆಗೆದಾಗ ನೂಲು ಸೆಟೆದು ಮೈಮೇಲೆ ಕಣ್ಣಿಗೆ ಅಷ್ಟಾಗಿ ಕಾಣದ ನಸುತರಿ ಮೂಡುತ್ತದೆ. ಈ ತರಿಯೇ ಮಡಿಕೆಯ ಗೆರೆಯನ್ನು ಮರೆಸುವುದರಿಂದ, ಪ್ರವಾಸದ ನಡುವೆ ಒಂದು ಮದುವೆಗೋ ದೇವಸ್ಥಾನಕ್ಕೋ ಹೋಗಬೇಕಾದ ಗೃಹಿಣಿಗೆ ಭಾರೀ ಜರಿಯ ಸೀರೆಗಿಂತ ಅಂಚಿಗಷ್ಟೇ ಜರಿಯಿರುವ ಕ್ರೇಪ್ ಸೀರೆ ಜಾಗದ ದೃಷ್ಟಿಯಿಂದಲೂ ತೂಕದ ದೃಷ್ಟಿಯಿಂದಲೂ ಲಾಭದಾಯಕ. ಮೈತುಂಬ ಜರಿಯ ಸೀರೆಯನ್ನು ಒಯ್ಯಲೇಬೇಕಾದರೆ ಬಿಗಿಯಾಗಿ ಒತ್ತಬಾರದು. ಜರಿ ಲೋಹದ ಎಳೆಯಾದುದರಿಂದ ಗಟ್ಟಿ ಮಡಿಕೆಯಲ್ಲಿ ಮುರಿದು, ಆ ಗೆರೆಯುದ್ದಕ್ಕೂ ಸೀರೆ ಬಿರಿಯುತ್ತದೆ. ಮಡಿಕೆಯ ನಡುವೆ ಒಂದು ಹಳೆಯ ಹತ್ತಿ ಪಂಚೆಯನ್ನು ಸುರುಳಿ ಮಾಡಿಟ್ಟು ಅದರ ಮೇಲೆ ಸೀರೆಯನ್ನು ಬಾಗಿಸಿದರೆ ಸಾಕು. ಜಾಗ ಉಳಿಸುವ ವಿದ್ಯೆ ತಾನಾಗಿ ತಲೆಬಾಗಬೇಕಾದ ಉಡುಪು ಇದೊಂದೇ.

ಗಂಟಿನ ವಿಧಾನ ಎಂದು ಕರೆಯಬಹುದಾದ ಮೂರನೆಯ ಪದ್ಧತಿಯೂ ಇದೆ. ಒಳಉಡುಪು, ಕಾಲುಚೀಲಗಳ ಮೆತ್ತನೆಯ ತಿರುಳೊಂದನ್ನು ನಡುವೆ ಇಟ್ಟು, ಅದರ ಸುತ್ತ ಮೊದಲು ಟೀ ಶರ್ಟುಗಳನ್ನು, ಅನಂತರ ಪ್ಯಾಂಟುಗಳನ್ನು, ಎಲ್ಲಕ್ಕಿಂತ ಹೊರಗೆ ಸುಲಭವಾಗಿ ಸುಕ್ಕಾಗುವ ಶರ್ಟುಗಳನ್ನು ಒಂದರ ಮೇಲೊಂದು ಹೊದಿಸಿ ಸುತ್ತುತ್ತ ಹೋದರೆ ಎಲ್ಲಿಯೂ ಚೂಪಾದ ಮಡಿಕೆ ಬೀಳುವುದಿಲ್ಲ. ಇದನ್ನು ಈಗಿನವರು ಹೊಸ ಆವಿಷ್ಕಾರವೆಂಬಂತೆ ಹೇಳಿಕೊಂಡರೂ ಬಟ್ಟೆಯಲ್ಲಿ ಬಟ್ಟೆಯನ್ನೇ ಸುತ್ತಿ ಗಂಟು ಕಟ್ಟುವುದನ್ನು ಮಡಿವಾಳರು ಎಂದಿನಿಂದಲೋ ಬಲ್ಲರು. ಒಂದೇ ಊರಿನಲ್ಲಿ ತಂಗುವ ಒಬ್ಬನಿಗೆ ಇದು ಒಪ್ಪುತ್ತದೆ. ದಿನಕ್ಕೊಂದು ಊರು ಬದಲಿಸುವ ಕುಟುಂಬಕ್ಕೆ ಒಪ್ಪುವುದಿಲ್ಲ, ಏಕೆಂದರೆ ತಿರುಳಿನಲ್ಲಿರುವ ಮಗುವಿನ ಚಡ್ಡಿಯೊಂದಕ್ಕಾಗಿ ಇಡೀ ಗಂಟನ್ನು ಬಿಚ್ಚಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಎದುರಿಗಿಟ್ಟುಕೊಂಡರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೇ ತಿಂಗಳಿನ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ದೆಹಲಿಗೆ, ಅಲ್ಲಿಂದ ಮನಾಲಿಗೆ ಹೋಗಿಬರುವ ಹತ್ತು ಹನ್ನೆರಡು ದಿನಗಳ ಪ್ರವಾಸ ಕರ್ನಾಟಕದ ಮಧ್ಯಮವರ್ಗಕ್ಕೆ ಅಪರಿಚಿತವಾದುದೇನೂ ಅಲ್ಲ. ಜಾಗದ ದೃಷ್ಟಿಯಿಂದ ಇದು ಅತ್ಯಂತ ಕಠಿಣವಾದ ಪ್ರವಾಸ, ಏಕೆಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಋತುಗಳನ್ನು ಹೊರಬೇಕು. ದೆಹಲಿಯಲ್ಲಿ ಆಗ ಹಗಲಿನ ಉಷ್ಣತೆ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಎತ್ತರ ಏರಿದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ತಂಪಾಗುವುದರಿಂದ, ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ಹಗಲು ಹಿತವಾಗಿದ್ದು ರಾತ್ರಿ ಸ್ವೆಟರ್ ಬೇಕೆನಿಸುತ್ತದೆ. 3,978 ಮೀಟರಿನ ರೋಹ್ತಾಂಗ್ ಕಣಿವೆದಾರಿಯಲ್ಲಿ ಮೇ ತಿಂಗಳಿನಲ್ಲಿಯೂ ಹಿಮ ಕಾಣಸಿಗುತ್ತದೆ. ಚಳಿಯ ಹೆಸರು ಕೇಳಿದೊಡನೆ ದಕ್ಷಿಣದ ಕುಟುಂಬಗಳು ತಲೆಗೊಂದರಂತೆ ದಪ್ಪನೆಯ ಜಾಕೆಟ್ಟುಗಳನ್ನು ಕೊಂಡು ತುಂಬುವುದು ವಾಡಿಕೆ, ಮತ್ತು ಪೆಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ಮೇಲೆ ಹೇಳಿದ ಗಾಳಿಯ ಲೆಕ್ಕ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಬೆಚ್ಚನೆಯ ಉಡುಪಿನಲ್ಲಿ ಮೈಯನ್ನು ಬೆಚ್ಚಗಿಡುವುದು ಎಳೆಗಿಂತ ಹೆಚ್ಚಾಗಿ ಎಳೆಗಳ ನಡುವೆ ಅಲುಗದೆ ನಿಂತ ಗಾಳಿ. ನಿಶ್ಚಲವಾದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದರಿಂದಲೇ ಉಣ್ಣೆ, ಪುಕ್ಕ, ಹತ್ತಿಯ ರಜಾಯಿಗಳು ಕೆಲಸ ಮಾಡುತ್ತವೆ. ಮೈಮೇಲೆ ಬೇಕಾದ ಈ ಗಾಳಿಯನ್ನು ಪೆಟ್ಟಿಗೆಯಲ್ಲಿ ಹೊತ್ತು ತಿರುಗುವ ಅಗತ್ಯವಿಲ್ಲ, ಏಕೆಂದರೆ ಗಾಳಿ ಮನಾಲಿಯಲ್ಲಿಯೂ ಧಾರಾಳವಾಗಿ ಸಿಗುತ್ತದೆ. ಒಂದು ದಪ್ಪ ಕೋಟಿನ ಬದಲು ಮೈಗಂಟುವ ತೆಳು ಥರ್ಮಲ್, ಅದರ ಮೇಲೆ ನಿತ್ಯದ ಶರ್ಟು, ಅದರ ಮೇಲೆ ಸ್ವೆಟರು, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್ ಎಂಬಂತೆ ಪದರ ಪದರವಾಗಿ ತೊಟ್ಟರೆ, ಪ್ರತಿ ಎರಡು ಪದರಗಳ ನಡುವೆ ಹೊಸದಾಗಿ ಗಾಳಿ ಸಿಕ್ಕಿಬೀಳುತ್ತದೆ. ಕಳಚಿದಾಗ ಆ ಗಾಳಿ ತಾನಾಗಿ ಹೊರಟುಹೋಗಿ ತೆಳುವಾದ ನಾಲ್ಕು ಬಟ್ಟೆಗಳು ಉಳಿಯುತ್ತವೆ. ಅವುಗಳಲ್ಲಿ ಶರ್ಟು ದೆಹಲಿಯಲ್ಲಿಯೂ ತೊಡುವಂಥದ್ದು, ಜಾಕೆಟ್ಟು ಮಳೆಗೂ ಆಗುವಂಥದ್ದು. ಹಿಮದಲ್ಲಿ ಆಡುವ ಉಡುಪಿನ ಚಿಂತೆಯಂತೂ ಬೇಡವೇ ಬೇಡ. ಮನಾಲಿಯಿಂದ ಮೇಲೇರುವ ದಾರಿಯುದ್ದಕ್ಕೂ ಹಿಮದ ಸೂಟು ಮತ್ತು ಗಂಬೂಟುಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿಗಳ ಸಾಲೇ ಇದೆ.

ದಪ್ಪ ಉಡುಪುಗಳನ್ನು ಕುಗ್ಗಿಸಲು ಮಾರುಕಟ್ಟೆಯಲ್ಲಿ ನಿರ್ವಾತ ಚೀಲಗಳು ಸಿಗುತ್ತವೆ. ಬಟ್ಟೆ ತುಂಬಿದ ಗಟ್ಟಿ ಪ್ಲಾಸ್ಟಿಕ್ ಚೀಲದ ಬಾಯಿ ಮುಚ್ಚಿ, ಒಳಗಿನ ಗಾಳಿಯನ್ನು ಪಂಪಿನಿಂದಲೋ ಕೈಯಿಂದ ಸುತ್ತಿ ಒತ್ತಿಯೋ ಹೊರಹಾಕಿದರೆ, ಒಮ್ಮುಖ ಕವಾಟ ಅದು ಮರಳಿ ಒಳಬರದಂತೆ ತಡೆಯುತ್ತದೆ. ಅನಂತರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟಿರುವ ಹೊರಗಿನ ವಾಯುಭಾರವೇ ಸ್ವೆಟರನ್ನು ರೊಟ್ಟಿಯಂತೆ ಚಪ್ಪಟೆ ಮಾಡಿ ಹಿಡಿದಿಡುತ್ತದೆ. ನೋಡಲು ಇದು ಇಂದ್ರಜಾಲವೇ ಸರಿ. ಆದರೆ ಚೀಲ ಕುಗ್ಗಿಸುವುದು ಗಾತ್ರವನ್ನೇ ಹೊರತು ತೂಕವನ್ನಲ್ಲ. ಮಧ್ಯಮ ಗಾತ್ರದ ಸೂಟ್‌ಕೇಸೇ ಖಾಲಿಯಿದ್ದಾಗ ಮೂರು ನಾಲ್ಕು ಕಿಲೋ ತೂಗುತ್ತದೆ. ದೇಶದೊಳಗಿನ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಒಬ್ಬರಿಗೆ ವಾಡಿಕೆಯಾಗಿ ಕೊಡುವ ಮಿತಿ 15 ಕಿಲೋ. ಅಂದರೆ ಸಾಧಾರಣ ಒತ್ತಡದಲ್ಲಿ ಬಟ್ಟೆ ತುಂಬಿದ ಪೆಟ್ಟಿಗೆ ಗಾತ್ರದ ಮಿತಿಯನ್ನೂ ತೂಕದ ಮಿತಿಯನ್ನೂ ಬಹುಮಟ್ಟಿಗೆ ಒಟ್ಟಿಗೇ ಮುಟ್ಟುತ್ತದೆ. ನಿರ್ವಾತ ಚೀಲದಿಂದ ಉಳಿದ ಜಾಗಕ್ಕೆ ಮತ್ತಷ್ಟು ತುಂಬಿದವರು ವಿಮಾನ ನಿಲ್ದಾಣದ ತೂಕದ ಯಂತ್ರದ ಮುಂದೆ ಪೆಟ್ಟಿಗೆ ಬಿಚ್ಚಿ, ಜಾಕೆಟ್ಟಿನ ಮೇಲೆ ಜಾಕೆಟ್ಟು ತೊಟ್ಟುಕೊಳ್ಳುವ ದೃಶ್ಯ ಅಪರೂಪವೇನಲ್ಲ. ಪಂಪು ಮನೆಯಲ್ಲಿಯೇ ಉಳಿದರೆ ಹಿಂದಿರುಗುವಾಗ ಚಪ್ಪಟೆಯಾದದ್ದೆಲ್ಲ ಮತ್ತೆ ಉಬ್ಬುವುದು ಇನ್ನೊಂದು ಪಜೀತಿ.

ರೈಲಿನಲ್ಲಿ ತೂಕದ ಮಿತಿ ಉದಾರವಾದದ್ದು. ಸ್ಲೀಪರ್ ಮತ್ತು ಮೂರು ಹಂತದ ಹವಾನಿಯಂತ್ರಿತ ಬೋಗಿಯಲ್ಲಿ ತಲಾ 40 ಕಿಲೋ, ಎರಡು ಹಂತದ ಬೋಗಿಯಲ್ಲಿ 50 ಕಿಲೋ ಸಾಮಾನನ್ನು ಶುಲ್ಕವಿಲ್ಲದೆ ಒಯ್ಯಬಹುದು. ಬೆಂಗಳೂರಿನಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆಯುವ ಕುಟುಂಬಕ್ಕೆ ತೊಡಕಾಗುವುದು ಕಿಲೋಗಳಿಗಿಂತ ಕೆಳಗಿನ ಬರ್ತಿನ ಅಡಿಯ ಎತ್ತರ. ಅಲ್ಲಿಗೆ ಜಾರದ ಪೆಟ್ಟಿಗೆ ಓಡಾಡುವ ದಾರಿಯಲ್ಲಿ ನಿಂತು ಎಲ್ಲರ ಕಾಲಿಗೆ ತೊಡರುತ್ತದೆ. ಆ ಅಡಿಯ ಜಾಗವಾದರೂ ಮೇಲಿನ ಮತ್ತು ನಡುವಣ ಬರ್ತಿನವರೊಂದಿಗೆ ಹಂಚಿಕೊಳ್ಳಬೇಕಾದದ್ದು. ದೆಹಲಿಯಲ್ಲಿ ಇಳಿದ ಮೇಲೆ ಟ್ಯಾಕ್ಸಿಯ ಡಿಕ್ಕಿಯನ್ನು ತೆರೆದರೆ ಅರ್ಧ ಜಾಗವನ್ನು ಅನಿಲದ ಸಿಲಿಂಡರು ಆಗಲೇ ಹಿಡಿದಿರುತ್ತದೆ. ಆದುದರಿಂದ ನಾಲ್ಕು ಜನರಿಗೆ ಒಂದು ದೈತ್ಯ ಸೂಟ್‌ಕೇಸಿಗಿಂತ ಒಂದು ಮಧ್ಯಮ ಪೆಟ್ಟಿಗೆ, ಎರಡು ಮೆತ್ತನೆಯ ಬಟ್ಟೆಯ ಚೀಲಗಳು ಹೆಚ್ಚು ಪ್ರಯೋಜನಕಾರಿ. ಮೆತ್ತನೆಯ ಚೀಲ ತನ್ನ ಆಕಾರವನ್ನು ಸಂದಿಗೆ ತಕ್ಕಂತೆ ಬದಲಿಸಿಕೊಳ್ಳುತ್ತದೆ, ಗಟ್ಟಿ ಕವಚದ ಪೆಟ್ಟಿಗೆ ಎಲ್ಲರನ್ನೂ ತನಗೆ ತಕ್ಕಂತೆ ಬದಲಾಗುವಂತೆ ಮಾಡುತ್ತದೆ.

ಪೆಟ್ಟಿಗೆಯ ಆಕಾರಕ್ಕೂ ಒಂದು ಚರಿತ್ರೆಯಿದೆ. ಕುದುರೆಗಾಡಿಯ ಕಾಲದ ಯುರೋಪಿನಲ್ಲಿ ಮಳೆನೀರು ಜಾರಿಹೋಗಲೆಂದು ಟ್ರಂಕುಗಳ ಮುಚ್ಚಳವನ್ನು ಗುಮ್ಮಟದಂತೆ ಮಾಡುತ್ತಿದ್ದರು. ಒಂದರ ಮೇಲೊಂದು ಪೇರಿಸಲು ಬರುವಂತೆ ಚಪ್ಪಟೆ ಮುಚ್ಚಳದ, ಹಗುರ ಕ್ಯಾನ್ವಾಸಿನ ಟ್ರಂಕನ್ನು ಪ್ಯಾರಿಸ್ಸಿನ ಲೂಯಿ ವಿಟ್ಟಾನ್ 1858ರಲ್ಲಿ ತಂದನು. ಭಾರತದ ರೈಲುಗಳಲ್ಲಿ ದಶಕಗಳ ಕಾಲ ತಗಡಿನ ಟ್ರಂಕು ಮತ್ತು ಹಾಸಿಗೆ ಸುತ್ತುವ ಹೋಲ್ಡಾಲ್ ಜೋಡಿಯಾಗಿ ಸಂಚರಿಸಿದವು. ಸೂಟ್‌ಕೇಸಿಗೆ ಚಕ್ರ ಜೋಡಿಸಿದ ಅಮೆರಿಕದ ಬರ್ನಾರ್ಡ್ ಸ್ಯಾಡೋಗೆ ಅದರ ಪೇಟೆಂಟ್ ದೊರೆತದ್ದು 1972ರಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮೂರು ವರ್ಷಗಳ ಅನಂತರ. ಪೆಟ್ಟಿಗೆಯನ್ನು ನಿಲ್ಲಿಸಿ ಉದ್ದ ಹಿಡಿಕೆಯಿಂದ ಎಳೆಯುವ ಇಂದಿನ ರೂಪವನ್ನು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ 1980ರ ದಶಕದ ಕೊನೆಯಲ್ಲಿ ರೂಪಿಸಿದನು. ಚಕ್ರ ಬಂದದ್ದರಿಂದ ಹೆಗಲಿಗೆ ಹಿತವಾಯಿತು, ಆದರೆ ಹೊರಲಾರದಷ್ಟನ್ನು ತುಂಬಬಾರದೆಂಬ ಹಳೆಯ ಲಗಾಮೂ ಕಳಚಿತು. ಚಕ್ರ ಮತ್ತು ಹಿಡಿಕೆಗಳೂ ಜಾಗದ ಪಾಲುದಾರರೇ. 55, 40, 20 ಸೆಂಟಿಮೀಟರ್ ಹೊರ ಅಳತೆಯ ಪೆಟ್ಟಿಗೆಯ ಒಟ್ಟು ಗಾತ್ರ 44 ಲೀಟರ್ ಆದರೂ ಅದರಲ್ಲಿ ಹಲವು ಲೀಟರುಗಳು ಚಕ್ರಕ್ಕೂ ಗೋಡೆಗಳಿಗೂ ಹಿಡಿಕೆಯ ಕೊಳವೆಗಳಿಗೂ ಹೋಗುತ್ತವೆ. ಪೆಟ್ಟಿಗೆಯ ತಳದಲ್ಲಿ ಆ ಕೊಳವೆಗಳು ಏಣುಗಳಾಗಿ ಎದ್ದಿರುವುದರಿಂದ ಮೊದಲು ಏಣುಗಳ ನಡುವಣ ಕಾಲುವೆಯನ್ನು ಕಾಲುಚೀಲ, ಬೆಲ್ಟು, ಒಳಉಡುಪುಗಳಿಂದ ಸಮ ಮಾಡಿ, ಅದರ ಮೇಲೆ ಬಟ್ಟೆ ಹಾಸಬೇಕು. ಹೆಚ್ಚಿನವರು ಮರೆಯುವ ಜಾಗ ಇದು.

ಇಷ್ಟೆಲ್ಲ ಮಡಿಕೆ, ಸುರುಳಿಗಳ ಚಾತುರ್ಯದಿಂದ ಉಳಿಯುವ ಜಾಗಕ್ಕಿಂತ ಹೆಚ್ಚಿನದನ್ನು ಕನ್ನಡದ ಒಂದು ಪದ ಕಬಳಿಸುತ್ತದೆ: ‘ಇರಲಿ’. ಯಾವುದಕ್ಕೂ ಇನ್ನೊಂದು ಚೂಡಿದಾರ ಇರಲಿ, ಮಗು ಕೆಸರು ಮಾಡಿಕೊಂಡರೆ ಇನ್ನೊಂದು ಜೊತೆ ಇರಲಿ, ಯಾರಾದರೂ ಊಟಕ್ಕೆ ಕರೆದರೆ ಒಂದು ಒಳ್ಳೆಯ ಶರ್ಟು ಇರಲಿ ಎನ್ನುತ್ತ ಒಳಗೆ ಸೇರಿದ ಬಟ್ಟೆಗಳು ಹೋದಂತೆಯೇ, ಇಸ್ತ್ರಿ ಕೂಡ ಕೆಡದೆ, ಹಿಂದಿರುಗುತ್ತವೆ. ಪ್ರವಾಸದ ದಿನಗಳ ಸಂಖ್ಯೆಗೆ ಸಮನಾಗಿ ಉಡುಪುಗಳನ್ನು ಎಣಿಸುವ ಪದ್ಧತಿಯೇ ಈ ತಪ್ಪಿನ ಬೇರು. ಎಣಿಸಬೇಕಾದದ್ದು ಎರಡು ಒಗೆತಗಳ ನಡುವಣ ದಿನಗಳನ್ನು. ಹನ್ನೆರಡು ದಿನಗಳ ಪ್ರವಾಸದಲ್ಲಿ ನಾಲ್ಕು ದಿನಗಳಿಗೊಮ್ಮೆ ಒಗೆಯಲು ಸಾಧ್ಯವಿದ್ದರೆ ಐದು ಜೊತೆ ಮೇಲುಡುಪು ಸಾಕು. ಪ್ಯಾಂಟು ಮೇಲುಡುಪಿನಷ್ಟು ಬೇಗ ಕೊಳೆಯಾಗದುದರಿಂದ ಎರಡು, ಹೆಚ್ಚೆಂದರೆ ಮೂರು. ಮೂರು ಪ್ಯಾಂಟುಗಳಿಗೂ ಒಪ್ಪುವ ಬಣ್ಣದ ಐದು ಶರ್ಟುಗಳಿದ್ದರೆ ಹದಿನೈದು ಜೋಡಿಗಳಾಗುತ್ತವೆ, ಛಾಯಾಚಿತ್ರಗಳಲ್ಲಿ ಒಂದೇ ಬಟ್ಟೆ ಕಾಣಿಸುತ್ತದೆಂಬ ಆತಂಕಕ್ಕೂ ಅದು ಉತ್ತರ.

ಒಗೆತದ ಲೆಕ್ಕ ಒಣಗುವ ಲೆಕ್ಕವನ್ನು ಅವಲಂಬಿಸಿದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣತೂಕದ ಶೇ. 8ರಷ್ಟು ತೇವವನ್ನು ಸದಾ ಎಳೆಯೊಳಗೆ ಹೀರಿಟ್ಟುಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ. ಅರ್ಧದಷ್ಟನ್ನೂ ಹೀರುವುದಿಲ್ಲ. ಒಗೆದ ಪಾಲಿಯೆಸ್ಟರ್ ಅಂಗಿಯಲ್ಲಿ ನೀರು ಎಳೆಗಳ ಹೊರಮೈಯಲ್ಲಿ ಮಾತ್ರ ನಿಲ್ಲುವುದರಿಂದ ಅದು ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ, ದಪ್ಪ ಹತ್ತಿ ಪ್ಯಾಂಟು ಮರುದಿನ ಮಧ್ಯಾಹ್ನವಾದರೂ ಸೊಂಟಪಟ್ಟಿಯಲ್ಲಿ ಹಸಿಯಾಗಿರುತ್ತದೆ. ಒದ್ದೆ ಬಟ್ಟೆಯನ್ನು ಒಣ ಪಂಚೆಯ ಮೇಲೆ ಹರವಿ, ಎರಡನ್ನೂ ಕೂಡಿಸಿ ಸುತ್ತಿ ಹಿಂಡಿದರೆ ಒಣಗುವ ಹೊತ್ತು ಇನ್ನಷ್ಟು ತಗ್ಗುತ್ತದೆ. ಮೇ ತಿಂಗಳಿನ ದೆಹಲಿಯ ಒಣ ಹವೆಯಲ್ಲಿ ಈ ಲೆಕ್ಕ ಸಲೀಸು. ಅದೇ ಕುಟುಂಬ ಜುಲೈಯಲ್ಲಿ ಆಗುಂಬೆಗೋ ಕೊಲ್ಲೂರಿಗೋ ಹೊರಟರೆ ಲೆಕ್ಕ ತಲೆಕೆಳಗಾಗುತ್ತದೆ. ಗಾಳಿಯೇ ನೀರಿನಿಂದ ತುಂಬಿರುವ ಮಳೆಗಾಲದ ಪಶ್ಚಿಮಘಟ್ಟದಲ್ಲಿ ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗದೆ ಮುಗ್ಗಲು ಹಿಡಿಯುವುದರಿಂದ, ಅಲ್ಲಿಗೆ ದಿನಗಳನ್ನು ಎಣಿಸಿಯೇ ಬಟ್ಟೆ ಒಯ್ಯುವುದು ವಿವೇಕ.

ಕುಟುಂಬದ ಪೆಟ್ಟಿಗೆಯನ್ನು ಹಂಚುವ ಬಗೆಯಲ್ಲಿಯೂ ಜಾಗ ಅಡಗಿದೆ. ತಲೆಗೊಂದು ಪೆಟ್ಟಿಗೆಯೆಂಬುದು ಅಚ್ಚುಕಟ್ಟಾಗಿ ಕಂಡರೂ ಸೋಪು, ಎಣ್ಣೆ, ಬಾಚಣಿಗೆ, ಚಾರ್ಜರುಗಳೆಲ್ಲ ನಾಲ್ಕು ಪಟ್ಟಾಗುತ್ತವೆ; ಮಕ್ಕಳ ಪೆಟ್ಟಿಗೆ ಅರ್ಧ ಖಾಲಿಯಾಗಿ, ತಂದೆಯದು ಬಿರಿಯುವಂತಾಗುತ್ತದೆ. ಎಲ್ಲರದನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸಿದರೆ ಒಂದು ಬನಿಯನ್ನಿಗಾಗಿ ದಿನವೂ ಇಡೀ ಪೆಟ್ಟಿಗೆಯನ್ನು ಕೆದಕಬೇಕಾಗಿ, ಮೂರನೆಯ ದಿನಕ್ಕೆ ಮಡಿಕೆಗಳೆಲ್ಲ ಕದಡಿ ಮುಚ್ಚಳ ಮೇಲೇಳುತ್ತದೆ. ಒಬ್ಬೊಬ್ಬರ ಬಟ್ಟೆಯನ್ನು ಒಂದೊಂದು ಚಿಕ್ಕ ಚೀಲದಲ್ಲಿ ತುಂಬಿ, ಆ ಚೀಲಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸುವುದು ಇವೆರಡರ ನಡುವಣ ದಾರಿ. ಇದಕ್ಕೆಂದೇ ಜಿಪ್ ಇರುವ ಚೌಕಾಕಾರದ ಚೀಲಗಳು ಮಾರಾಟಕ್ಕಿದ್ದರೂ ಹಳೆಯ ದಿಂಬಿನ ಹೊದಿಕೆಗಳು ಆ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತವೆ. ವಿಮಾನದಲ್ಲಿ ಹೋಗುವವರು ಒಬ್ಬರ ಬಟ್ಟೆಯನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಡದೆ, ಪ್ರತಿಯೊಬ್ಬರ ಒಂದು ಜೊತೆಯನ್ನು ಇನ್ನೊಂದು ಪೆಟ್ಟಿಗೆಯಲ್ಲಿಯೂ ಇಡುವುದು ಒಳ್ಳೆಯದು. ಒಂದು ಪೆಟ್ಟಿಗೆ ದಾರಿ ತಪ್ಪಿದರೂ ಯಾರೊಬ್ಬರೂ ಉಟ್ಟ ಬಟ್ಟೆಯಲ್ಲಿಯೇ ಉಳಿಯಬೇಕಾಗುವುದಿಲ್ಲ. ಕುಗ್ಗದ ವಸ್ತುಗಳಾದ ಬೂಟುಗಳಲ್ಲಿ ಅತಿ ದಪ್ಪವಾದ ಜೊತೆ ಕಾಲಿನಲ್ಲಿರಬೇಕು, ಪೆಟ್ಟಿಗೆಗೆ ಹೋಗುವ ಜೊತೆಯ ಹೊಟ್ಟೆಯಲ್ಲಿ ಕಾಲುಚೀಲಗಳಿರಬೇಕು.

ಹಿಂದಿರುಗುವ ದಿನ ಅದೇ ಬಟ್ಟೆ ಅದೇ ಪೆಟ್ಟಿಗೆಯಲ್ಲಿ ಹಿಡಿಯದಿರುವುದು ಬಹುತೇಕ ಎಲ್ಲ ಕುಟುಂಬಗಳ ಅನುಭವ. ಕೊಳೆ ಬಟ್ಟೆಗೆ ತೂಕ ಹೆಚ್ಚಿರುವುದಿಲ್ಲ, ಶಿಸ್ತು ಕಡಿಮೆಯಾಗಿರುತ್ತದೆ. ಮುದ್ದೆ ಮಾಡಿದ ಕಾಗದವನ್ನು ಎಷ್ಟು ಹಿಸುಕಿದರೂ ಒಂದು ಹಂತದ ಅನಂತರ ಅದು ಕುಗ್ಗುವುದಿಲ್ಲ, ಏಕೆಂದರೆ ಅಡ್ಡಾದಿಡ್ಡಿ ಬಿದ್ದ ಮಡಿಕೆಗಳು ಕಂಬಗಳಂತೆ ನಿಂತು ಗಾಳಿಯನ್ನು ಒಳಗೆ ಕಾಯುತ್ತವೆ. ಮುದ್ದೆಯಾಗಿ ತುರುಕಿದ ಕೊಳೆ ಬಟ್ಟೆಯಲ್ಲಿ ನಡೆಯುವುದೂ ಅದೇ. ಕೊಳೆಯಾದುದನ್ನು ಮಡಚುವುದೇಕೆಂಬ ಉದಾಸೀನವನ್ನು ಬಿಟ್ಟು, ಹೋಗುವಾಗ ಮಾಡಿದಷ್ಟೇ ಬಿಗಿಯಾಗಿ ಸುತ್ತಿದರೆ ಪೆಟ್ಟಿಗೆ ಮೊದಲಿನಷ್ಟೇ ಆಗುತ್ತದೆ. ಆದರೆ ಮನಾಲಿಯ ದಾರಿಯಲ್ಲಿ ಕುಲ್ಲುವಿಗೆ ಹೋದವರು ಅಲ್ಲಿನ ಅಂಚುಚಿತ್ತಾರದ ಉಣ್ಣೆ ಶಾಲುಗಳನ್ನು ಕೊಳ್ಳದೆ ಬರುವುದಿಲ್ಲ. ಎರಡು ಮೀಟರ್ ಉದ್ದದ ಒಂದೊಂದು ಶಾಲೂ ತನ್ನ ಪಾಲಿನ ಗಾಳಿಯೊಂದಿಗೇ ಬರುತ್ತದೆ. ಅದಕ್ಕಾಗಿ ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯ ಮುಚ್ಚಳ ಯಾರ ಮಂಡಿಯ ನೆರವೂ ಇಲ್ಲದೆ, ಒಂದು ಅಂಗೈಯಷ್ಟು ಸಡಿಲದೊಂದಿಗೆ ಮುಚ್ಚಿಕೊಳ್ಳುವಂತಿರಬೇಕು. ಮುಚ್ಚದಿದ್ದರೆ ಮೊದಲು ಹೊರಬರಬೇಕಾದದ್ದು ಎರಡನೆಯ ಜೀನ್ಸ್ ಪ್ಯಾಂಟು.